ಘಾಟಿ ಹತ್ತುವಾಗ ಬಿಸಿಯಾಗುವ ಸ್ಪೋರ್ಟ್ಸ್ ಕಾರನ್ನು ಯಾರ ಕೈಗೆ ಕೊಡಬೇಕು?

ಪ್ರಶ್ನೆ: ನನ್ನಲ್ಲಿ 2008ರ ಪೋರ್ಶೆ ಬಾಕ್ಸ್‌ಸ್ಟರ್ ಕಾರಿದೆ. ಮಂಗಳೂರಿನಿಂದ ಹಿಂದಿರುಗುವಾಗ ಸಂಪಾಜೆ ಘಾಟಿಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಹತ್ತುತ್ತಿದ್ದರೆ ತಾಪಮಾನದ ಮುಳ್ಳು ಮೇಲೇರುತ್ತದೆ, ವೇಗ ಸಿಕ್ಕ ಕೂಡಲೇ ಇಳಿಯುತ್ತದೆ. ಊರಿನ ಮೆಕ್ಯಾನಿಕ್ ಎರಡು ಸಲ ನೀರು ತುಂಬಿಸಿಕೊಟ್ಟರೂ ಮಟ್ಟ ಮತ್ತೆ ಕಡಿಮೆಯಾಯಿತು. ಈ ಕೆಲಸ ಬಲ್ಲ ವರ್ಕ್‌ಶಾಪನ್ನು ಹುಡುಕುವುದು ಹೇಗೆ?
– ಪಾಲಿಬೆಟ್ಟದ ಓದುಗರು

ಉತ್ತರ: ಮೊದಲನೆಯದಾಗಿ, ರಿಪೇರಿ ಆಗುವವರೆಗೆ ಕಾರನ್ನು ಘಾಟಿಗೆ ಒಯ್ಯಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಇಲ್ಲಿ ಎರಡು ಬೇರೆ ಬೇರೆ ದೋಷಗಳಿರಬಹುದು. ನಿಧಾನವಾಗಿ ಹೋಗುವಾಗ ಮಾತ್ರ ಬಿಸಿಯಾಗುವುದು ಸಾಮಾನ್ಯವಾಗಿ ರೇಡಿಯೇಟರಿಗೆ ಗಾಳಿ ಸಾಲದಿರುವುದರ ಗುರುತು. ನೀರಿನ ಮಟ್ಟ ಇಳಿಯುವುದು ಸೋರಿಕೆಯ ಗುರುತು.

ಈ ಕಾರಿನ ಎಂಜಿನ್ ಸೀಟುಗಳ ಹಿಂದೆ ಇದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ಅವುಗಳ ಮುಂದೆ ಏಸಿಯ ಶಾಖವನ್ನು ಹೊರಹಾಕುವ ಕಂಡೆನ್ಸರ್ ಇರುವುದರಿಂದ ಇವೆರಡರ ನಡುವೆ ಸೇರಿದ ಕಸ ಹೊರಗಿನಿಂದ ಕಾಣುವುದಿಲ್ಲ. ತೋಟದ ರಸ್ತೆಗಳಲ್ಲಿ ಓಡಾಡಿದ ಇಂತಹ ಒಂದು ಕಾರಿನ ಬಂಪರನ್ನು ನಾನು ಬಿಚ್ಚಿಸಿದಾಗ, ಆ ಸಂದಿಯಿಂದ ಕೊಳೆತು ಗಟ್ಟಿಯಾದ ಸಿಲ್ವರ್ ಓಕ್ ಎಲೆಗಳು ಹಿಡಿ ಹಿಡಿಯಾಗಿ ಬಂದವು. ಮುಂದಿನಿಂದ ಪೈಪಿನಲ್ಲಿ ನೀರು ಹೊಡೆದರೆ ಇದು ಹೋಗುವುದಿಲ್ಲ, ಬಂಪರ್ ಬಿಚ್ಚಿ ಕಂಡೆನ್ಸರನ್ನು ಸರಿಸಿಯೇ ತೆಗೆಯಬೇಕು. ಅದರ ಜೊತೆಗೆ ಫ್ಯಾನುಗಳ ಕಡಿಮೆ ವೇಗವನ್ನು ನಡೆಸುವ ರೆಸಿಸ್ಟರ್ ಸುಟ್ಟಿದೆಯೇ ಎಂದು ನೋಡಿಸಿ, ಈ ಮಾದರಿಗಳಲ್ಲಿ ಅದು ಪದೇ ಪದೇ ಕೈಕೊಡುತ್ತದೆ.

ಸೋರಿಕೆಗೆ ಮೂರು ಜಾಗಗಳನ್ನು ಮೊದಲು ಶಂಕಿಸುತ್ತೇನೆ: ವಾಟರ್ ಪಂಪ್, ಹಿಂದಿನ ಡಿಕ್ಕಿಯ ಬದಿಯಲ್ಲಿರುವ ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಟ್ಯಾಂಕ್ ಮತ್ತು ಅದರ ಮುಚ್ಚಳ. ಮುಚ್ಚಳ ಅಗ್ಗದ್ದೆಂದು ಕಡೆಗಣಿಸಬೇಡಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕೂಲಂಟ್ ಅದಕ್ಕಿಂತ ಹೆಚ್ಚಿನ ಶಾಖವನ್ನು ತಡೆಯುವುದರಲ್ಲಿ ಮುಚ್ಚಳ ಹಿಡಿದಿಡುವ ಒತ್ತಡದ ಪಾತ್ರ ದೊಡ್ಡದು. ಎಂಜಿನ್ ಬಿಸಿಯಿರುವಾಗ ಮಾತ್ರ ಅದನ್ನು ತೆರೆಯಲೇಬಾರದು.

ಇನ್ನು ವರ್ಕ್‌ಶಾಪಿನ ವಿಷಯ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಸುಮಾರು 260 ಕಿಲೋಮೀಟರ್. ಬೆಂಗಳೂರಿನಲ್ಲಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಜೊತೆಗೆ ಆಮದು ಕಾರುಗಳನ್ನೇ ನೋಡುವ ಖಾಸಗಿ ವರ್ಕ್‌ಶಾಪುಗಳೂ ಇವೆ. ಹೊರಡುವ ಮುನ್ನ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ‘ಕೂಲಂಟನ್ನು ಹೇಗೆ ತುಂಬುತ್ತೀರಿ?’ ಮುಂದಿನ ರೇಡಿಯೇಟರಿನಿಂದ ಹಿಂದಿನ ಎಂಜಿನ್ನಿಗೆ ಕಾರಿನ ಅಡಿಯಲ್ಲಿ ಉದ್ದನೆಯ ಪೈಪುಗಳು ಹೋಗುವುದರಿಂದ, ಬರೀ ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು, ಗಾಳಿ ಸಿಕ್ಕಿಕೊಂಡರೆ ಹೊಸ ಪಂಪು ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ. ಒಳಗಿನ ಗಾಳಿಯನ್ನು ವ್ಯಾಕ್ಯೂಮ್ ಉಪಕರಣದಿಂದ ಮೊದಲು ಎಳೆದು, ಆ ಖಾಲಿತನವೇ ಕೂಲಂಟನ್ನು ಒಳಗೆಳೆದುಕೊಳ್ಳುವಂತೆ ತುಂಬುತ್ತೇವೆ ಎಂದು ಅವರು ತಡವರಿಸದೆ ಹೇಳಿದರೆ ನಂಬಬಹುದು. ‘ತುಂಬಿಸಿ ಒಂದು ರೌಂಡ್ ಓಡಿಸಿದರೆ ಸರಿಹೋಗುತ್ತದೆ ಸಾರ್’ ಎಂದರೆ ಫೋನ್ ಇಡಿ. ಒತ್ತಡ ಪರೀಕ್ಷೆಯಿಂದ ಸೋರುವ ಜಾಗವನ್ನು ತೋರಿಸಿದ ಮೇಲೆ ಮಾತ್ರ ಭಾಗಗಳನ್ನು ಬದಲಿಸಬೇಕೆಂದೂ ಷರತ್ತು ಹಾಕಿ.

ಹಳೆಯ ತಾಮ್ರ–ಹಿತ್ತಾಳೆಯ ರೇಡಿಯೇಟರುಗಳಿಗೆ ಬೆಸುಗೆ ಹಾಕುವ ನುರಿತ ಕೈಗಳು ನಮ್ಮಲ್ಲಿವೆ. ಆದರೆ ನಿಮ್ಮದು ಪ್ಲಾಸ್ಟಿಕ್ ತಲೆಗಳನ್ನು ಕಚ್ಚಿಸಿರುವ ಅಲ್ಯೂಮಿನಿಯಂ ರೇಡಿಯೇಟರ್, ಅಲ್ಲಿ ಆ ಕೌಶಲ ನಡೆಯದು. ಈಗಾಗಲೇ ಬರೀ ನೀರು ಸೇರಿರುವುದರಿಂದ ಎಲ್ಲವನ್ನೂ ಖಾಲಿ ಮಾಡಿಸಿ, ಕಂಪನಿ ಸೂಚಿಸಿದ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿ ತುಂಬಿಸಿ. ಬೇರೆ ಬಗೆಯ ಕೂಲಂಟ್ ಬೆರೆತರೆ ಒಳಗೆ ಕೆಸರು ಕಟ್ಟಬಹುದು.

ಬೆಂಗಳೂರಿಗೆ ಕಾರನ್ನು ಓಡಿಸಿಕೊಂಡು ಹೋಗಬೇಡಿ, ಹಗ್ಗ ಕಟ್ಟಿಯೂ ಎಳೆಸಬೇಡಿ. ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ, ಕಾರಿನ ಮೂತಿ ನೆಲಕ್ಕೆ ಹತ್ತಿರವಿರುವುದರಿಂದ ಉದ್ದನೆಯ ಹಲಗೆಗಳನ್ನು ತರಲು ಮೊದಲೇ ತಿಳಿಸಿ. ಬಂಪರಿಗೆ ತಿರುಗಿಸಿ ಕೂರಿಸುವ ಎಳೆಕೊಕ್ಕೆ ಮುಂದಿನ ಡಿಕ್ಕಿಯ ಟೂಲ್ ಕಿಟ್‌ನಲ್ಲಿರಬೇಕು. ಲಾರಿ ಅಂಗಳಕ್ಕೆ ಬರುವ ಮೊದಲೇ ಅದನ್ನು ಹುಡುಕಿ ತೆಗೆದಿಟ್ಟುಕೊಳ್ಳಿ.