ಓದುಗರ ಪ್ರಶ್ನೆ: ಅರಬ್ಬಿ ಕುದುರೆಯನ್ನು ಓಡಿಸಿ ದಣಿಸಿದರೆ ಸಮಾಧಾನ ಆಗುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮೂಡಿಗೆರೆ, ಸಕಲೇಶಪುರ, ಬೇಲೂರು, ಆಲ್ದೂರು, ಎಲ್ಲ ಕಡೆಯಿಂದಲೂ ಅದೇ ದೂರು. ಅರಬ್ಬಿ ಕುದುರೆ ತಂದಿದ್ದೇವೆ, ಹತ್ತಿದರೆ ನಿಲ್ಲುವುದಿಲ್ಲ, ಏನು ಮಾಡೋದು? ತೋಟದ ಮನೆಗಳಿಗೆ ಮತ್ತೆ ಕುದುರೆ ಬರುತ್ತಿರುವುದು ನನಗೆ ನಿಜವಾಗಿ ಸಂತೋಷ. ಆದರೆ ನಿಮಗೆ ಸಿಗುತ್ತಿರುವ ಸಲಹೆಗಳನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಉದ್ದಕ್ಕೆ ಉತ್ತರಿಸುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು. ಜೀನು ಬಿಗಿಯುವುದು ಹೇಗೆ, ಯಾವ ಕಡೆಯಿಂದ ಹತ್ತುವುದು ಅಂತ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ದಯವಿಟ್ಟು ಇನ್ನೂ ಅರಬ್ಬಿ ಕುದುರೆ ಹತ್ತಬೇಡಿ.

ಪ್ರಶ್ನೆ: ಆರು ವರ್ಷದ, ಬೀಜ ತೆಗೆಸಿದ ಅರಬ್ಬಿ ಗಂಡುಕುದುರೆ ಇದೆ. ಹತ್ತಿದ ಕೂಡಲೇ ಕುಣಿಯುತ್ತದೆ, ತಲೆ ಎಸೆಯುತ್ತದೆ, ನಡೆಯುವುದೇ ಇಲ್ಲ. ರಕ್ತ ಬಿಸಿ, ಓಡಿಸಿ ದಣಿಸಿ ಅಂದರು. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿಸುತ್ತಿದ್ದೇನೆ. ಮೊದಲಿಗಿಂತ ಜಾಸ್ತಿಯಾಗಿದೆ. ದಿನಕ್ಕೆ 4 ಕೆಜಿ ಓಟ್ಸ್, ಒಂದೂವರೆ ಕೆಜಿ ಹುರುಳಿ, ರಾತ್ರಿ ಒಂದು ಹೊರೆ ಹುಲ್ಲು. ಉಳಿದ ಹೊತ್ತೆಲ್ಲ ಲಾಯದಲ್ಲೇ ಇರುತ್ತದೆ. (ಮೂಡಿಗೆರೆ ಕಡೆಯಿಂದ)

ಜಾಸ್ತಿ ಆಗದೆ ಇನ್ನೇನು ಆಗುತ್ತದೆ? ನೀವು ಎರಡು ತಿಂಗಳಿಂದ ಅದಕ್ಕೆ ಓಡುವ ತರಬೇತಿ ಕೊಟ್ಟಿದ್ದೀರಿ. ಅದು ಚೆನ್ನಾಗಿ ಕಲಿತಿದೆ.

ಅರಬ್ಬಿ ಯಾವ ಕೆಲಸಕ್ಕೆ ಹುಟ್ಟಿದ ತಳಿ ಅಂತ ಒಮ್ಮೆ ಯೋಚಿಸಿ. ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆಯುವ ಟೆವಿಸ್ ಕಪ್ ಸವಾರಿ 100 ಮೈಲಿಯದು. ಅಂದರೆ 160 ಕಿಲೋಮೀಟರ್, ಬೆಟ್ಟದ ದಾರಿ, ಒಂದೇ ದಿನದಲ್ಲಿ. ಅಲ್ಲಿ ಗೆಲ್ಲುವುದು ಹೆಚ್ಚಾಗಿ ಅರಬ್ಬಿಗಳೇ. ಅಂಥ ಪ್ರಾಣಿಯನ್ನು ಹತ್ತು ಕಿಲೋಮೀಟರ್‌ನಲ್ಲಿ ದಣಿಸಲು ಹೋದರೆ ಅದರ ದಮ್ಮು ಬೆಳೆಯುತ್ತದೆ ಅಷ್ಟೆ. ಇವತ್ತು ಹತ್ತು ಕೇಳಿದ್ದು ನಾಳೆ ಹದಿನೈದು ಕೇಳುತ್ತದೆ. ದಣಿಸುವುದೇ ಬೇರೆ, ತಣಿಸುವುದೇ ಬೇರೆ. ನಿಮಗೆ ಬೇಕಿರುವುದು ಎರಡನೆಯದು.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಬಹಳ ವರ್ಷದ ಹಿಂದೆ ನನ್ನ ಬಳಿ ಒಂದು ಕೆಂದು ಬಣ್ಣದ ಹೆಣ್ಣುಕುದುರೆ ಇತ್ತು. ನನಗೂ ಹಿರಿಯರೊಬ್ಬರು ಓಡಿಸಿ ದಣಿಸು ಅಂದಿದ್ದರು. ಓಡಿಸಿದೆ. ಒಂದು ದಿನ ತೋಟದ ತಿರುವಿನಲ್ಲಿ ಜೀಪಿನ ಹಾರ್ನ್‌ಗೆ ಬೆದರಿ ನೆಗೆಯಿತು. ತಡೆಯಲು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ, ಓಡುವುದೊಂದನ್ನು ಬಿಟ್ಟು ಬೇರೆ ಏನನ್ನೂ ನಾನು ಅದಕ್ಕೆ ಕಲಿಸಿರಲಿಲ್ಲ. ಸೀದಾ ಮುಳ್ಳುತಂತಿ ಬೇಲಿಗೆ ಹೋಯಿತು. ಎದೆ ಹರಿದ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ದಿನಾ ಗಾಯ ತೊಳೆಯುತ್ತಾ ನಾನು ಯೋಚಿಸಿದ್ದನ್ನೇ ಈಗ ನಿಮಗೆ ಹೇಳುತ್ತಿರುವುದು.

ಮೊದಲು ಹೊಟ್ಟೆ. ಕುದುರೆಯ ಜಠರದಲ್ಲಿ ಹಗಲೂ ರಾತ್ರಿ ಆಮ್ಲ ಊರುತ್ತಲೇ ಇರುತ್ತದೆ. ಅದನ್ನು ತಣ್ಣಗೆ ಮಾಡುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ರಾತ್ರಿ ಹಾಕಿದ ಒಂದು ಹೊರೆ ಹುಲ್ಲು ನಡುರಾತ್ರಿಗೆ ಮುಗಿದಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಎರಚಿ ಜಠರದ ಗೋಡೆಗೆ ತಾಗುತ್ತದೆ, ಹುಣ್ಣಾಗುತ್ತದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುತ್ತದಾ? ಹಾಗಿದ್ದರೆ ಅದನ್ನು ಪೊಗರು ಅನ್ನಬೇಡಿ, ವೈದ್ಯರಿಗೆ ತೋರಿಸಿ. 400 ಕೆಜಿ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣ ಮೇವು ಬೇಕು, ಮೂರು ನಾಲ್ಕು ಸಲ ಹಂಚಿ. ಬರೀ ರಾಗಿಹುಲ್ಲು ಸಾಲದು, ಒಳ್ಳೆ ಒಣಹುಲ್ಲಿನ ಜೊತೆ ಬೆರೆಸಿ. ಓಟ್ಸ್ ಅರ್ಧಕ್ಕಿಂತ ಕಡಿಮೆ ಮಾಡಿ, ಹುರುಳಿ ಬೇಯಿಸಿದ ಒಂದು ಬೊಗಸೆ ಸಾಕು. ಇದೆಲ್ಲ ಒಂದೇ ದಿನದಲ್ಲಿ ಬೇಡ. ಹತ್ತು ಹದಿನೈದು ದಿನ ತೆಗೆದುಕೊಳ್ಳಿ, ಇಲ್ಲದಿದ್ದರೆ ಹೊಟ್ಟೆಶೂಲೆ ಬರುತ್ತದೆ. ಜೀನು ಹಾಕುವ ಮುಂಚೆ ಎರಡು ಹಿಡಿ ಹುಲ್ಲು ತಿನ್ನಿಸಿ.

ನಿಮ್ಮಂತೆಯೇ ಕುದುರೆ ಇಟ್ಟ ಇನ್ನು ಕೆಲವರು ಉಳಿದ ಅನ್ನ, ಬೆಲ್ಲ ಕೊಡುತ್ತೇವೆ ಅಂತ ಬರೆದಿದ್ದಾರೆ. ಮಾರ್ಕೊ ಪೋಲೊ ದಕ್ಷಿಣಕ್ಕೆ ಬಂದದ್ದು 13ನೇ ಶತಮಾನದ ಕೊನೆಯಲ್ಲಿ. ಕಡಲಾಚೆಯಿಂದ ಸಾವಿರಗಟ್ಟಲೆ ಕುದುರೆ ತರಿಸುತ್ತಾರೆ, ಬೇಯಿಸಿದ ಅನ್ನ, ಮಾಂಸ ಹಾಕುತ್ತಾರೆ, ಅವು ಸಾಯುತ್ತವೆ ಅಂತ ಅವನು ಆಗಲೇ ಬರೆದಿಟ್ಟಿದ್ದಾನೆ. ಏಳುನೂರು ವರ್ಷ ಆಯಿತು. ಅನ್ನ ಹಾಕುವುದನ್ನು ಇನ್ನಾದರೂ ನಿಲ್ಲಿಸೋಣ.

ಇಪ್ಪತ್ತಮೂರು ಗಂಟೆ ಲಾಯದಲ್ಲಿ ಕಟ್ಟಿ ಇಪ್ಪತ್ತನಾಲ್ಕನೇ ಗಂಟೆ ಶಾಂತವಾಗಿರು ಅಂದರೆ ಯಾವ ಪ್ರಾಣಿ ಕೇಳುತ್ತದೆ? ದಿನಕ್ಕೆ ನಾಲ್ಕೈದು ಗಂಟೆ ಬೇಲಿ ಹಾಕಿದ ಜಾಗದಲ್ಲಿ ಬಿಡಿ. ಜೊತೆಗೆ ಇನ್ನೊಂದು ಕುದುರೆ ಇದ್ದರೆ ಬಹಳ ಒಳ್ಳೆಯದು. ಬೇಲಿ ಮುಳ್ಳುತಂತಿಯದು ಆಗಿರಬಾರದು.

ಆಮೇಲೆ ಜೀನು. ಅರಬ್ಬಿಯ ಬೆನ್ನು ಗಿಡ್ಡ, ಅಗಲ. ಬೇರೆ ತಳಿಯ ಅಳತೆಗೆ ಮಾಡಿದ ಜೀನು ಮುಂದೆ ಭುಜ ಒತ್ತುತ್ತದೆ, ಹಿಂದೆ ಕೊನೇ ಪಕ್ಕೆಲುಬು ದಾಟಿ ಸೊಂಟದ ಮೇಲೆ ಕೂರುತ್ತದೆ. ಸವಾರಿ ಮುಗಿದು ಜೀನು ಎತ್ತಿದಾಗ ಬೆವರಿನ ಗುರುತು ನೋಡಿ. ಎಲ್ಲ ಕಡೆ ಒದ್ದೆಯಾಗಿ ನಡುವೆ ಅಂಗೈ ಅಗಲ ಒಣಗಿದ ಜಾಗ ಇದ್ದರೆ ಅಲ್ಲಿ ಒತ್ತುತ್ತಿದೆ ಅಂತ ಅರ್ಥ. ಆ ಜಾಗದಲ್ಲಿ ಬಿಳಿ ಕೂದಲು ಬಂದಿದ್ದರೆ ತಿಂಗಳುಗಳಿಂದ ಒತ್ತಿದೆ. ಅಡಿಯಲ್ಲಿ ಇನ್ನೊಂದು ಕಂಬಳಿ ಮಡಚಿ ಹಾಕಿದರೆ ಸರಿಹೋಗುವುದಿಲ್ಲ. ಬಿಗಿ ಚಪ್ಪಲಿಯೊಳಗೆ ಬಟ್ಟೆ ತುರುಕಿದ ಹಾಗೆ ಆಗುತ್ತದೆ. ತಲೆ ಎಸೆಯುತ್ತದೆ ಅಂದಿರಿ, ಹಲ್ಲನ್ನೂ ಪರೀಕ್ಷೆ ಮಾಡಿಸಿ. ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು.

ಇಷ್ಟು ಸರಿಯಾದ ಮೇಲೆ ಸವಾರಿಗೆ ಬನ್ನಿ.

ಜಾಗ ಮುಖ್ಯ. ಕಾಫಿ ಕಣ ಬೇಡ, ಸಿಮೆಂಟಿನ ಮೇಲೆ ಲಾಳ ಜಾರುತ್ತದೆ. ಕೊಯ್ಲಾದ ಗದ್ದೆ ಬಯಲು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ, ಮಟ್ಟಸ, ಮೆತ್ತಗೆ. ಇಪ್ಪತ್ತು ಮೀಟರ್ ಅಗಲದ ಸುತ್ತು ಹಾಕಿ, ಬರೀ ನಡಿಗೆಯಲ್ಲಿ.

ಅದು ಓಡಲು ನೋಡುತ್ತದೆ. ಎರಡೂ ಲಗಾಮು ಹಿಡಿದು ಹಿಂದಕ್ಕೆ ಎಳೆಯಬೇಡಿ. ನೀವು ಎಳೆದಷ್ಟೂ ಅದು ಕಡಿವಾಣದ ಮೇಲೆ ಒರಗಿ ಎಳೆಯುತ್ತದೆ, ಜಗ್ಗಾಟದಲ್ಲಿ ನೀವು ಗೆಲ್ಲುವುದಿಲ್ಲ. ಸುತ್ತಿನ ಒಳಬದಿಯ ಕೈ ಒಂದನ್ನೇ ಪಕ್ಕಕ್ಕೆ ತೆರೆಯಿರಿ. ಸುತ್ತು ಸಣ್ಣದಾಗುತ್ತದೆ. ಸಣ್ಣ ಸುತ್ತಿನಲ್ಲಿ ಓಡುವುದು ಕಷ್ಟ, ತಾನಾಗಿ ನಿಧಾನವಾಗುತ್ತದೆ. ನಿಧಾನವಾದ ಆ ಕ್ಷಣಕ್ಕೇ ಕೈ ಸಡಿಲ ಬಿಡಿ. ಮತ್ತೆ ಓಡಿದರೆ ಮತ್ತೆ ಸುತ್ತು, ನಿಧಾನವಾದರೆ ಮತ್ತೆ ಸಡಿಲ. ಸಿಟ್ಟು ಮಾಡಬೇಡಿ, ಬಾಯಿ ಜಗ್ಗಬೇಡಿ. ಕುದುರೆ ಕಲಿಯುವುದು ನೀವು ಹಿಡಿದಾಗ ಅಲ್ಲ, ಬಿಟ್ಟಾಗ. ಬಿಡುವುದು ಎರಡು ಸೆಕೆಂಡ್ ತಡವಾದರೆ ಅದು ಬೇರೆ ಏನನ್ನೋ ಕಲಿತಿರುತ್ತದೆ. ಒಂದು ಎಚ್ಚರಿಕೆ: ಕುದುರೆ ಜೋರಾಗಿ ಓಡುತ್ತಿರುವಾಗ, ಅದರಲ್ಲೂ ಇಳಿಜಾರಿನಲ್ಲಿ, ಒಂದೇ ಲಗಾಮನ್ನು ಜಗ್ಗಿದರೆ ಕಾಲು ತೊಡರಿ ನೀವಿಬ್ಬರೂ ಉರುಳುತ್ತೀರಿ. ಇದು ನಡಿಗೆಯಲ್ಲಿ ಕಲಿಸುವ ಪಾಠ.

ಎಂಟು ಅಂಕಿಯ ಹಾಗೆ ಸುತ್ತು ಬದಲಿಸುತ್ತಾ ಇರಿ. ಎಡಕ್ಕೆ, ಬಲಕ್ಕೆ. ನಾಲ್ಕು ಹೆಜ್ಜೆ ನಡೆದು ನಿಲ್ಲಿಸಿ, ಮತ್ತೆ ನಡೆಸಿ. ಸುಮ್ನೆ ಒಂದೇ ದಿಕ್ಕಿಗೆ ನೇರ ಹೋದರೆ ಅದಕ್ಕೆ ಯೋಚಿಸಲು ಏನೂ ಇರುವುದಿಲ್ಲ, ಮನಸ್ಸೆಲ್ಲ ಓಟದ ಮೇಲೆ ಇರುತ್ತದೆ. ಅರಬ್ಬಿ ಬಹಳ ಚುರುಕು ತಲೆಯ ಪ್ರಾಣಿ. ತಲೆಗೆ ಕೆಲಸ ಕೊಟ್ಟರೆ ಕಾಲು ತಾನಾಗಿ ನಿಧಾನವಾಗುತ್ತದೆ.

ಮೇಲೆ ಕೂತ ನೀವು ಹೇಗಿದ್ದೀರಿ ಅನ್ನುವುದೂ ಅಷ್ಟೇ ಮುಖ್ಯ. 2009ರಲ್ಲಿ ಸ್ವೀಡನ್‌ನಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಸವಾರರಿಗೆ ಮೂರು ಸಲ ಸುಮ್ಮನೆ ಒಂದು ಜಾಗ ದಾಟಲು ಹೇಳಿದರು. ನಾಲ್ಕನೇ ಸಲ ದಾಟುವಾಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಅಂದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಏನೂ ಆಗದ ಕಡೆ ನಿಮ್ಮ ಹೆದರಿಕೆಯಿಂದಲೇ ಕುದುರೆ ಹೆದರುತ್ತದೆ ಅಂದ ಹಾಗಾಯಿತು, ಅಲ್ವಾ? ಹಾಗಾಗಿ ಮೊಣಕಾಲಿನಿಂದ ಅಪ್ಪಿ ಹಿಡಿಯಬೇಡಿ. ಉಸಿರು ಉದ್ದಕ್ಕೆ ಹೊರಗೆ ಬಿಡಿ. ಹಾಡು ಗುನುಗಿ, ಹಾಡುತ್ತಾ ಉಸಿರು ಕಟ್ಟಲು ಆಗುವುದಿಲ್ಲ.

ಯಾವಾಗ ನಿಲ್ಲಿಸಬೇಕು? ನನ್ನ ಆ ಕೆಂದು ಕುದುರೆಗೆ ಗಾಯ ಮಾದ ಮೇಲೆ ಹನ್ನೊಂದು ದಿನ ಗದ್ದೆ ಬಯಲಲ್ಲಿ ಬರೀ ನಡಿಗೆ ಮಾಡಿಸಿದೆ. ಕತ್ತು ಆಕಾಶಕ್ಕೆ, ಬಾಲ ಧ್ವಜದ ಹಾಗೆ, ಬೆನ್ನು ಹಲಗೆ. ಹನ್ನೆರಡನೇ ದಿನ ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಮೂರನೇ ಸುತ್ತಿನಲ್ಲಿ ಅದರ ಕತ್ತು ಒಂದು ಗೇಣು ಇಳಿಯಿತು. ಬುರ್ರ್ ಅಂತ ಮೂಗು ಊದಿತು. ನಾಲಗೆ ಹೊರಗೆ ಹಾಕಿ ತುಟಿ ನೆಕ್ಕಿಕೊಂಡು ಬಾಯಾಡಿಸಿತು. ಎತ್ತಿ ಹಿಡಿದಿದ್ದ ಬಾಲ ಇಳಿದು ಹೆಜ್ಜೆಗೆ ತಕ್ಕ ಹಾಗೆ ಅತ್ತಿತ್ತ ತೂಗಿತು. ನನ್ನ ಕೂರುಭಾಗಕ್ಕೆ ಅದರ ಬೆನ್ನು ಅಲೆಯ ಹಾಗೆ ಬಂತು. ನಾನು ಅಲ್ಲೇ ಇಳಿದುಬಿಟ್ಟೆ. ಹೊಟ್ಟೆಪಟ್ಟಿ ಎರಡು ತೂತು ಸಡಿಲಿಸಿ, ಹಗ್ಗ ಹಿಡಿದು ಮನೆವರೆಗೆ ನಡೆದೆ. ಹತ್ತಿ ಹನ್ನೆರಡು ನಿಮಿಷ ಆಗಿತ್ತು ಅಷ್ಟೆ. ಇನ್ನೊಂದು ಸುತ್ತು ಹಾಕೋಣ ಅನ್ನುವ ಆಸೆಯನ್ನು ತಡೆದುಕೊಳ್ಳುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಮಾರನೇ ದಿನ ಎರಡನೇ ಸುತ್ತಿಗೇ ಕತ್ತು ಇಳಿಯಿತು.

ನಡಿಗೆ ಹೀಗೆ ಸಡಿಲವಾಗುವವರೆಗೂ ಟ್ರಾಟ್, ಅಂದರೆ ಸಣ್ಣ ಓಟ, ಬೇಡ. ಆಮೇಲೂ ಹತ್ತು ಹೆಜ್ಜೆ ಟ್ರಾಟ್, ತಕ್ಷಣ ನಡಿಗೆ. ಕತ್ತು ಮೇಲೆ ಹೋದರೆ ಮತ್ತೆ ನಡಿಗೆಗೆ ಬನ್ನಿ. ಕ್ಯಾಂಟರ್, ಅಂದರೆ ಅದಕ್ಕಿಂತ ಜೋರಿನ ನೆಗೆತದ ಓಟ, ಈ ವರ್ಷ ಮರೆತುಬಿಡಿ. ಮನೆ ಕಡೆ ಮುಖ ಮಾಡಿದಾಗ ಎಂದೂ ಓಡಿಸಬೇಡಿ.

ತೋಟದ ರಸ್ತೆಗೆ ಹೋಗುವ ಹೊತ್ತು ಬಂದಾಗ ಒಂದು ವಿಷಯ ನೆನಪಿಡಿ. ಸಿಲ್ವರ್ ಓಕ್ ನೆರಳಿನಲ್ಲಿ ಬಿಸಿಲಿನ ತುಂಡುಗಳು ಬಿದ್ದಿರುತ್ತವೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ನಿಮಗೆ ತಂಪು ನೆರಳು ಕಂಡ ಕಡೆ ಅದಕ್ಕೆ ಕಪ್ಪು ಗುಂಡಿ ಕಾಣುತ್ತದೆ. ಅದು ನಿಂತರೆ ಚಾಟಿ ಬೀಸಬೇಡಿ. ನಿಲ್ಲಲಿ, ತಲೆ ಇಳಿಸಿ ನೋಡಲಿ. ಅರ್ಧ ನಿಮಿಷದಲ್ಲಿ ತಾನೇ ಹೆಜ್ಜೆ ಹಾಕುತ್ತದೆ. ಮುಂದೆ ಒಂದು ವಯಸ್ಸಾದ, ನಿಧಾನದ ಕುದುರೆ ನಡೆದರೆ ಇನ್ನೂ ಸುಲಭ. ಆನೆ ಓಡಾಡುವ ಕಡೆ ಮಾತ್ರ ಬೇಡವೇ ಬೇಡ, ಕುದುರೆ ಎಷ್ಟೇ ಪಳಗಿದ್ದರೂ.

ಎಷ್ಟು ದಿನ ಬೇಕು ಅಂತ ಕೇಳಬೇಡಿ. ನೀವು ಎರಡು ತಿಂಗಳು ಓಡಿಸಿದ್ದೀರಿ, ಅದನ್ನು ಮರೆಸಲು ಅದಕ್ಕಿಂತ ಜಾಸ್ತಿ ಬೇಕು.

ಪ್ರಶ್ನೆ: ಕುದುರೆಯ ಕತ್ತಿನಲ್ಲಿ ಕೆಟ್ಟ ಸುಳಿ ಇದೆ, ಅದಕ್ಕೇ ಹೀಗೆ ಆಡುತ್ತದೆ, ಮಾರಿಬಿಡಿ ಅಂತಾರೆ. (ಅರಸೀಕೆರೆ)

ಸುಳಿ ಅಂದರೆ ಕೂದಲು ತಿರುಗಿದ ಜಾಗ. ಹಾಗೆ ಹೇಳಿದವರೇ ಕಡಿಮೆ ಬೆಲೆಗೆ ಕೊಳ್ಳಲು ಬಂದಿರಬಹುದು, ಹುಷಾರು.

ಪ್ರಶ್ನೆ: ಸವಾರಿಗೆ ಮುಂಚೆ ಶಾಂತವಾಗಲು ಇಂಜೆಕ್ಷನ್ ಕೊಡಬಹುದಾ? ಒಬ್ಬರು ಭಂಗಿ ಸೊಪ್ಪು ಹೇಳಿದರು. (ಕಡೂರು)

ಎರಡೂ ಬೇಡ. ಮದ್ದಿನ ಮತ್ತಿನಲ್ಲಿರುವ ಕುದುರೆ ಎಡವಿ ನಿಮ್ಮ ಮೇಲೇ ಬೀಳುತ್ತದೆ. ಇಂಥದ್ದಕ್ಕೆ ಬಳಸುವ ಒಂದು ಔಷಧದಿಂದ ಗಂಡುಕುದುರೆಯ ಜನನಾಂಗ ಹೊರಬಂದು ಹಾಗೇ ಉಳಿದುಬಿಡುವ ಅಪಾಯವೂ ಇದೆ. ಆ ಸಲಹೆ ಕೊಟ್ಟವರನ್ನು ಲಾಯದ ಹತ್ತಿರಕ್ಕೂ ಬಿಡಬೇಡಿ.

ಪ್ರಶ್ನೆ: ಮುಳ್ಳಿನ ಕಡಿವಾಣ ಹಾಕಿದರೆ ಹಿಡಿತಕ್ಕೆ ಬರುತ್ತದೆ ಅಂತಾರಲ್ಲ? (ಹಾಸನ)

ಅದು ಹಿಂಸೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಮುಳ್ಳಿನ ಕಡಿವಾಣ ಹಾಕಬಾರದು ಅಂತ 1965ರ ನಿಯಮದಲ್ಲೇ ಇದೆ. ಸವಾರಿ ಕುದುರೆಯ ನಾಲಗೆಯೂ ಅದೇ ಮಾಂಸದ್ದು. ನೋವಿಗೆ ಹೆದರಿದ ಕುದುರೆ ಇನ್ನೂ ಜೋರಾಗಿ ಓಡುತ್ತದೆ.

ಪ್ರಶ್ನೆ: ಮನೆಯಲ್ಲಿ ಕೋಳಿ ಫೀಡ್ ಮಿಕ್ಕಿದೆ, ಸ್ವಲ್ಪ ಬೆರೆಸಬಹುದಾ? (ಆಲೂರು)

ಒಂದು ಹಿಡಿಯೂ ಬೇಡ. ಕೆಲವು ಕೋಳಿ ಫೀಡ್‌ಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧ ಇರುತ್ತದೆ. ಕೋಳಿಗೆ ಅದು ಒಳ್ಳೆಯದು, ಕುದುರೆಯ ಹೃದಯಕ್ಕೆ ವಿಷ. ಆಗಲೇ ತಿಂದಿದ್ದರೆ ಈ ಉತ್ತರ ಪೂರ್ತಿ ಓದುವುದು ಬೇಡ, ಈಗಲೇ ಪಶುವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ: ನಮ್ಮದು ಶುದ್ಧ ಅರಬ್ಬಿ ಅಂತ ಮಾರಿದ್ದಾರೆ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. (ಬೇಲೂರು)

ಅಂಥ ಕಿವಿ ಮಾರ್ವಾಡಿ, ಕಾಠಿಯಾವಾಡಿ ತಳಿಗಳ ಗುರುತು. ನಿಮ್ಮ ಕುದುರೆಯಲ್ಲಿ ಆ ರಕ್ತ ಇದೆ. ಅದೂ ಒಳ್ಳೆಯ ಕುದುರೆಯೇ, ಬೇಸರ ಬೇಡ. ಮೇಲೆ ಹೇಳಿದ ಪಾಠ ಅದಕ್ಕೂ ಸರಿಹೊಂದುತ್ತದೆ.

ಪ್ರಶ್ನೆ: ನಮ್ಮ ಅರಬ್ಬಿ ಒಂದು ವಾರದಿಂದ ಶಾಂತವಾಗಿದೆ. ಎಂಟು ವರ್ಷದ ಮಗಳನ್ನು ಕೂರಿಸಿ ಫೋಟೋ ತೆಗೆಯಬಹುದಾ? (ಚಿಕ್ಕಮಗಳೂರು)

ಬೇಡ. ಒಂದು ವಾರ ಏನೂ ಅಲ್ಲ. ಮಗಳು ಪಕ್ಕದಲ್ಲಿ ನಿಂತು ಕತ್ತು ಸವರಲಿ, ನೀವು ಹಗ್ಗ ಹಿಡಿದಿರಿ. ಫೋಟೋ ಹಾಗೇ ತೆಗೆಯಿರಿ.