ವಯಸ್ಸಾದ ತಂದೆ-ತಾಯಿ, ಸಣ್ಣ ಮಕ್ಕಳನ್ನು ಕರಕೊಂಡು ವಿಜಯಪುರದಿಂದ ಐಸ್‌ಲ್ಯಾಂಡ್‌ಗೆ ಹೋಗಬಹುದಾ? ಚಳಿ ತಡೆಯುತ್ತಾ? ಒಂದು ವಾರದಲ್ಲಿ ಇಡೀ ದೇಶ ಸುತ್ತಲು ಆಗುತ್ತಾ?

ಹೋಗಬಹುದು. ಚಳಿಯೂ ತಡೆಯುತ್ತೆ. ಆದ್ರೆ ಇಡೀ ದೇಶ ಸುತ್ತುವ ಆಸೆ ಬಿಟ್ಟುಬಿಡಿ.

ನಾನೂ ವಿಜಯಪುರದವನೇ. ಅಪ್ಪ, ಅವ್ವ, ಹೆಂಡತಿ, ಮಕ್ಕಳು ಎಲ್ಲರೂ ಸೇರಿ ಜೂನ್‌ನಲ್ಲಿ ಹೋಗಿ ಬಂದಿದ್ದೇವೆ. ಐಸ್‌ಲ್ಯಾಂಡ್ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮ್ಯಾಪ್‌ನಲ್ಲಿ ನೋಡಿದರೆ ಸುಲಭ ಅನಿಸುತ್ತೆ. ಆದರೆ ದ್ವೀಪದ ಸುತ್ತ ಇರುವ ರಿಂಗ್ ರೋಡ್ 1,300 ಕಿ.ಮೀ.ಗೂ ಜಾಸ್ತಿ. ಊರ ಹೊರಗಿನ ಡಾಂಬರು ರಸ್ತೆಯಲ್ಲೂ ವೇಗದ ಮಿತಿ 90. ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ಹಿರಿಯರು, ಪಕ್ಕದಲ್ಲಿ "ಇನ್ನೂ ಎಷ್ಟು ದೂರ" ಅನ್ನುವ ಹುಡುಗ್ರು. ಒಂದು ವಾರದಲ್ಲಿ ಸುತ್ತಿ ಮುಗಿಸಿದರೂ ಏನು ನೋಡಿದೆವು ಅಂತ ಯಾರಿಗೂ ನೆನಪಿರಲ್ಲ.

ದಕ್ಷಿಣ ಕರಾವಳಿ ಸಾಕು. ರಾಜಧಾನಿ ರೇಕ್ಯಾವಿಕ್‌ನಿಂದ ಯೋಕುಲ್ಸಾರ್ಲೋನ್ ಅನ್ನುವ ಮಂಜುಗಡ್ಡೆ ತೇಲುವ ಕೆರೆ ತನಕ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಒಂದು ಕಡೆಗೆ ಸುಮಾರು 370 ಕಿ.ಮೀ. ಮಧ್ಯೆ ವಿಕ್ ಅನ್ನುವ ಊರಿನ ಹತ್ತಿರ ಅಡುಗೆಮನೆ ಇರುವ ಮನೆ ಹಿಡಿದು ನಾಲ್ಕು ದಿನ ಅಲ್ಲೇ ಇರಿ.

ಚಳಿ ಅಂದ್ರಲ್ಲ, ಜೂನ್‌ನಲ್ಲಿ ಹಗಲು ಹತ್ತು-ಹನ್ನೆರಡು ಡಿಗ್ರಿ ಇರುತ್ತೆ. ಜನವರಿಯ ನಮ್ಮೂರ ಬೆಳಗು ಕಂಡವರಿಗೆ ಅದೇನೂ ಹೊಸದಲ್ಲ. ಕಾಡೋದು ಗಾಳಿ. ನಮಗೆ ಕಾರು ಬಾಡಿಗೆ ಕೊಟ್ಟ ಹುಡುಗ ಬ್ರೇಕು, ಗೇರು ಏನೂ ತೋರಿಸಲಿಲ್ಲ. ಬಾಗಿಲು ತೆಗೆಯೋದು ಹೇಗೆ ಅಂತ ತೋರಿಸಿದ. ಒಂದು ಕೈ ಹಿಡಿಕೆ ಮೇಲೆ, ಇನ್ನೊಂದು ಕೈ ಬಾಗಿಲ ಅಂಚಿಗೆ, ಆಮೇಲೆ ನಿಧಾನಕ್ಕೆ ತೆಗೀಬೇಕು. ಗಾಳಿ ಎಳೆದುಕೊಂಡರೆ ಬಾಗಿಲು ಹಿಂದಕ್ಕೆ ಮಡಚಿಕೊಳ್ಳುತ್ತೆ, ಅದಕ್ಕೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡಲ್ಲ. ಮಕ್ಕಳಿಗೆ ಬಾಗಿಲು ಮುಟ್ಟಲು ಬಿಡಬೇಡಿ. ಛತ್ರಿ ಮನೆಯಲ್ಲೇ ಇಡಿ. ನಮ್ಮವ್ವ ಸೀರೆ ಬಿಡಲ್ಲ ಅಂತ ಹಟ ಹಿಡಿದಿದ್ದರು. ಒಳಗೆ ಥರ್ಮಲ್, ಮೇಲೆ ಇಳಕಲ್ ಸೀರೆ, ಅದರ ಮೇಲೆ ರೇನ್‌ಕೋಟ್. ಮೊದಲ ಜಲಪಾತದ ತುಂತುರಿಗೆ ನೆರಿಗೆ ಪೂರ್ತಿ ತೊಯ್ದು ಕಾಲಿಗೆ ಸುತ್ತಿಕೊಂಡಿತು. ಮರುದಿನ ಅವರೇ ಸೊಸೆಯ ಟ್ರ್ಯಾಕ್ ಪ್ಯಾಂಟ್ ಕೇಳಿ ಹಾಕಿಕೊಂಡರು. ಫೋಟೊ ಮಾತ್ರ ತೆಗೆಯಲು ಬಿಡಲಿಲ್ಲ.

ಊಟಕ್ಕೆ ಚಿಂತೆ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ಯಿರಿ. ಹೋಟೆಲ್ ಊಟ ಸಿಕ್ಕಾಪಟ್ಟೆ ದುಬಾರಿ. ಅಂಗಡಿಯಲ್ಲಿ ಸ್ಕೀರ್ ಅಂತ ಗಟ್ಟಿ ಮೊಸರಿನಂಥದ್ದು ಸಿಗುತ್ತೆ, ರೊಟ್ಟಿ ಜೊತೆ ಚೆನ್ನಾಗಿ ಹೋಗುತ್ತೆ. ಕೆಲವು ಕಂಪನಿಯವರು ಅದಕ್ಕೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಡಬ್ಬಿ ಓದಿ ತಗೊಳ್ಳಿ.

ಈಗ ನೋಡುವ ಜಾಗಗಳು. ಗೋಕಾಕ ಜಲಪಾತ ಸುಮಾರು 52 ಮೀಟರ್, ಸ್ಕೋಗಾಫಾಸ್ 60 ಮೀಟರ್. ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದ್ರೆ ಸ್ಕೋಗಾಫಾಸ್‌ನಲ್ಲಿ ಸಮತಟ್ಟಾದ ನೆಲದ ಮೇಲೆ ನಡೆದು ನೀರು ಬೀಳುವ ಬುಡದ ತನಕ ಹೋಗಬಹುದು, ಹಿರಿಯರಿಗೆ ಇದೇ ಸರಿ. ಸೆಲ್ಯಾಲಾಂಡ್ಸ್‌ಫಾಸ್ ಅನ್ನುವ ಇನ್ನೊಂದು ಜಲಪಾತದಲ್ಲಿ ನೀರಿನ ಹಿಂದೆ ಹಾದು ಬರುವ ದಾರಿ ಇದೆ. ಜಾರುತ್ತೆ. ಅಲ್ಲಿಗೆ ನೀವು, ಮಕ್ಕಳು ಮಾತ್ರ ಹೋಗಿ.

ಸ್ಟ್ರೋಕ್ಕುರ್ ಬಿಸಿನೀರ ಬುಗ್ಗೆ ಐದು-ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತೆ. ಎಲ್ಲರೂ ಮೇಲೆ ಹಾರಿದ ನೀರಿನ ಫೋಟೊ ತೆಗೀತಾರೆ. ನೀವು ಅದರ ಹಿಂದಿನ ಕ್ಷಣ ನೋಡಿ. ಹೊಂಡದ ನೀರು ಒಮ್ಮೆ ಒಳಗೆ ಜಗ್ಗುತ್ತೆ, ಮತ್ತೆ ಉಬ್ಬಿ ನೀಲಿ ಗುಮ್ಮಟ ಆಗುತ್ತೆ, ಒಳಗಿನ ಹಬೆ ಕಾಣುತ್ತೆ, ಆಮೇಲೆ ಒಡೆಯುತ್ತೆ. ಹತ್ತಿರದ ಥಿಂಗ್‌ವೆಟ್ಲಿರ್‌ನಲ್ಲಿ ಅಮೆರಿಕದ ಕಡೆಯ ಭೂಫಲಕ, ಯುರೋಪಿನ ಕಡೆಯ ಭೂಫಲಕ ವರ್ಷಕ್ಕೆ ಸುಮಾರು 2 ಸೆಂ.ಮೀ. ದೂರ ಸರೀತಿವೆ. 930ರಲ್ಲಿ ಆ ದೇಶದ ಸಂಸತ್ತು ಶುರುವಾಗಿದ್ದೂ ಇದೇ ಬಯಲಲ್ಲಿ.

ನಮ್ಮ ಕಡೆಯವರಿಗೆ ನಿಜಕ್ಕೂ ಹತ್ತಿರ ಅನಿಸೋದು ಅಲ್ಲಿನ ಕಲ್ಲು. ವಿಕ್ ಪಕ್ಕದ ರೇನಿಸ್‌ಫ್ಯಾರಾ ದಂಡೆ ಪೂರ್ತಿ ಕಪ್ಪು. ಗುಡ್ಡದಲ್ಲಿ ಆರು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ಲಾವಾ ನಿಧಾನಕ್ಕೆ ಆರುವಾಗ ಕುಗ್ಗಿ ಬಿರುಕು ಬಿಟ್ಟು ಹಾಗಾಗಿದೆ. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಿರಿಯುತ್ತಲ್ಲ, ಅದೇ ಲೆಕ್ಕ. ಅಪ್ಪ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿ "ಇದು ನಮ್ಮೂರ ಕರಿಕಲ್ಲ ಐತಲ್ಲೋ" ಅಂದರು. ಹೌದು, ಬಸಾಲ್ಟ್. ಗೋಳಗುಮ್ಮಟ ಕಟ್ಟಿದ್ದೂ ಇದರಲ್ಲೇ. ನಮ್ಮ ನೆಲದಲ್ಲಿ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷ ಹಿಂದೆ. ಅದು ಸವೆದು ಎರಿ ಮಣ್ಣಾಗಿದೆ, ನಾವು ಬಿಳಿಜೋಳ ಬಿತ್ತುತ್ತೇವೆ. ವಿಕ್ ದಾಟಿದ ಮೇಲೆ ಸಿಗುವ ಲಾವಾ ಬಯಲು 1783ರಲ್ಲಿ ಲಾಕಿ ಅನ್ನುವ ಜ್ವಾಲಾಮುಖಿಯಿಂದ ಬಂದದ್ದು. 8 ತಿಂಗಳು ಉಕ್ಕಿತಂತೆ. ವಿಷಗಾಳಿಗೆ ದನ-ಕುರಿ ಸತ್ತು, ತಿನ್ನಲು ಇಲ್ಲದಂತಾಗಿ, ದೇಶದ ಐದನೇ ಒಂದು ಭಾಗದಷ್ಟು ಜನ ಸತ್ತರು. ಇಷ್ಟು ವರ್ಷ ಕಳೆದರೂ ಅಲ್ಲಿ ಹೆಚ್ಚಾಗಿ ಬೆಳೆದಿರೋದು ಪಾಚಿ. ಅದರ ಮೇಲೆ ಕಾಲಿಡಬೇಡಿ, ಕಿತ್ತರೆ ಮತ್ತೆ ಬರಲು ದಶಕಗಳೇ ಬೇಕು.

ರೇನಿಸ್‌ಫ್ಯಾರಾದಲ್ಲಿ ಅಲೆ ಹತ್ತಿರ ಹೋಗಲೇಬೇಡಿ. ಶಾಂತವಾಗಿ ಕಾಣುವ ನೀರು ದಿಢೀರನೆ ಮೇಲೆ ಬಂದು ಎಳೆದುಕೊಂಡು ಹೋಗುತ್ತೆ, ಪ್ರವಾಸಿಗರು ಸತ್ತಿದ್ದಾರೆ. ಅಪಾಯ ಎಷ್ಟಿದೆ ಅಂತ ದೀಪ ತೋರಿಸುತ್ತೆ. ಕೆಂಪಿದ್ದರೆ ಕೆಳಗೆ ಇಳಿಯಬೇಡಿ.

ಯೋಕುಲ್ಸಾರ್ಲೋನ್‌ಗೆ ಅರ್ಧ ದಿನ ಇಡಿ. ವಾಟ್ನಾಯೋಕುಲ್ ಹಿಮರಾಶಿ ನಮ್ಮ ವಿಜಯಪುರ ಜಿಲ್ಲೆಯ ಮುಕ್ಕಾಲು ಭಾಗದಷ್ಟಿದೆ. ಅದರ ಒಂದು ನಾಲಿಗೆ ಕರಗಿ ಹಿಂದೆ ಸರಿದ ಜಾಗದಲ್ಲಿ ಈ ಕೆರೆ ಆಗಿದೆ, ಅದೂ 1930ರ ದಶಕದಿಂದ ಈಚೆಗೆ. ನೀಲಿ ಮಂಜುಗಡ್ಡೆಯ ಮೈಮೇಲೆ ಕಪ್ಪು ಪಟ್ಟೆಗಳಿರುತ್ತವೆ. ಅದು ಹಳೆಯ ಜ್ವಾಲಾಮುಖಿಗಳ ಬೂದಿ. ನಡುವೆ ಸೀಲ್ ಅನ್ನುವ ಕಡಲಪ್ರಾಣಿಗಳು ತಲೆ ಎತ್ತುತ್ತವೆ. ನಮ್ಮ ಮಕ್ಕಳು ಬಾ ಅಂದರೂ ಅಲ್ಲಿಂದ ಕದಲಲಿಲ್ಲ.

ಜೂನ್‌ನಲ್ಲಿ ರಾತ್ರಿ ಕತ್ತಲೆ ಆಗಲ್ಲ, ಮಲಗಲು ಕಣ್ಣುಪಟ್ಟಿ ಒಯ್ಯಿರಿ. ಆಗ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಉತ್ತರದ ಬೆಳಕು ಕಾಣಲ್ಲ, ಅದಕ್ಕೆ ಸೆಪ್ಟೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಬೇಕು. ವೃದ್ಧರ ಜೊತೆ ಆ ಹಿಮದ ರಸ್ತೆ ನಾನಂತೂ ಬೇಡ ಅಂತೀನಿ. ವಿಸಾ ಷೆಂಗೆನ್, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವಿಸಾ. 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ತನಕ ಖರ್ಚು ಭರಿಸುವ ಪ್ರವಾಸ ವಿಮೆ ಬೇಕು.

ಇನ್ನೊಂದು ವಿಷಯ ಮನೆಯಲ್ಲಿ ಮೊದಲೇ ಹೇಳಿಬಿಡಿ. ಊರೂರಲ್ಲೂ ಬಿಸಿನೀರಿನ ಈಜುಕೊಳ ಇದೆ, ಮೊಣಕಾಲು ನೋವಿಗೆ ಬಹಳ ಹಿತ. ಆದ್ರೆ ಇಳಿಯುವ ಮೊದಲು ಬಟ್ಟೆ ಪೂರ್ತಿ ತೆಗೆದು, ಸಾಬೂನು ಹಚ್ಚಿ ಸ್ನಾನ ಮಾಡಲೇಬೇಕು. ಗಂಡಸರಿಗೆ, ಹೆಂಗಸರಿಗೆ ಕೋಣೆ ಬೇರೆ ಬೇರೆ, ಒಳಗೆ ಮರೆ ಇರಲ್ಲ. ಕೆಲವು ಕಡೆ ಪರದೆ ಹಾಕಿದ ಸ್ನಾನದ ಜಾಗ ಇರುತ್ತೆ. ಟಿಕೆಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಹಿರಿಯರು ಬಾಗಿಲಿಂದಲೇ ವಾಪಸ್ ಬರ್ತಾರೆ.