ಡಿಸ್ನಿಯ ಕಾರ್ಟೂನ್ ಸರಣಿ ಡಕ್‌ಟೇಲ್ಸ್ ಇಂದಿಗೂ ಯಾಕೆ ಇಷ್ಟವಾಗುತ್ತದೆ?

ಸಾಹಸದ ಹಿಂದೆ ಮಕ್ಕಳಿಗೂ ಅರ್ಥವಾಗುವ ಗಟ್ಟಿ ಕಾರಣ ಇರುವುದರಿಂದ. ಕಥಾನಾಯಕ ಸ್ಕ್ರೂಜ್ ನಾಣ್ಯಗಳ ರಾಶಿಯಲ್ಲೇ ಈಜುವ ಜಿಪುಣ ಬಾತುಕೋಳಿ. ಆದರೂ ಅವನ ಜೀವ ಇರುವುದು ಒಂದೇ ಒಂದು ನಾಣ್ಯದಲ್ಲಿ: ಹುಡುಗನಾಗಿದ್ದಾಗ ಬೂಟು ಪಾಲಿಶ್ ಮಾಡಿ ಗಳಿಸಿದ ಮೊದಲ ಡೈಮ್, ಅಂದರೆ ಹತ್ತು ಸೆಂಟು. ಮಾಟಗಾತಿ ಮ್ಯಾಜಿಕಾ ಅದಕ್ಕೆ ಕೈ ಹಾಕಿದಾಗ ಎಷ್ಟು ನಷ್ಟವೆಂದು ಯಾರೂ ವಿವರಿಸಬೇಕಿಲ್ಲ.

ಇನ್ನೊಂದು, ಸ್ಕ್ರೂಜ್‌ನ ತಂಗಿಯ ಮೂವರು ಮೊಮ್ಮಕ್ಕಳು ಬರೀ ಹಿಂಬಾಲಕರಲ್ಲ. ಸ್ಕೌಟ್ ಕೈಪಿಡಿ ತೆರೆದು ದಾರಿ ಹುಡುಕುವವರು ಅವರೇ. ನೋಡುವ ಮಗು ತಾನೂ ಆ ತಂಡದಲ್ಲಿದ್ದೇನೆ ಅಂದುಕೊಳ್ಳುತ್ತದೆ.

ಸರಣಿ ಬಂದದ್ದು 1987ರಲ್ಲಿ, ಆದರೆ ಸ್ಕ್ರೂಜ್ ಎಂಬುದು ಅಮೆರಿಕದ ಚಿತ್ರಕಾರ ಕಾರ್ಲ್ ಬಾರ್ಕ್ಸ್ 1947ರಲ್ಲೇ ಕಾಮಿಕ್ಸ್‌ಗಾಗಿ ಸೃಷ್ಟಿಸಿದ ಪಾತ್ರ. ಆ ಕಾಮಿಕ್ಸ್‌ಗಳಲ್ಲಿ ಬರುವ ದೂರದ ದೇಶಗಳನ್ನು ಬಾರ್ಕ್ಸ್ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಚಿತ್ರಗಳನ್ನು ನೋಡಿ ಬಿಡಿಸುತ್ತಿದ್ದರು.